ಮಿಲಿಟರಿ ಜಿಪ್ಸಿಯನ್ನು ಮನೆ ತುಂಬಿಸಿಕೊಳ್ಳಲು ಹೊರಟವರಿಗೆ

ಮಾನ್ಯ ಗೃಹಸ್ಥರೇ, ಮತ್ತು ಅವರ ಈ ಹುಚ್ಚನ್ನು ಸಹಿಸಿಕೊಂಡು ಬಂದಿರುವ ಮನೆಮಂದಿಯೇ,

ಸೇನೆಯಿಂದ ಹೊರಬಿದ್ದ ಹಳೆಯ ಮಾರುತಿ ಜಿಪ್ಸಿಯೊಂದನ್ನು ಹಿಡಿದು, ಟಿಂಕರಿಂಗ್ ಮಾಡಿಸಿ, ಮಕ್ಕಳನ್ನು ಶಾಲೆಗೆ ಬಿಡುವುದಕ್ಕೂ ಹಬ್ಬಕ್ಕೆ ಊರಿಗೆ ಹೋಗುವುದಕ್ಕೂ ಅದೊಂದೇ ಸಾಕು ಎಂದು ಲೆಕ್ಕ ಹಾಕುತ್ತಿರುವವರಿಗೆ ಈ ಪತ್ರ. ಮಡಿಕೇರಿ, ಸಕಲೇಶಪುರ, ಕೊಪ್ಪ, ತೀರ್ಥಹಳ್ಳಿ ಕಡೆ ಇಂಥವರು ಯಾವತ್ತೂ ಇದ್ದರು. ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲೂ ಇದ್ದಾರೆ. ಆಸೆಗೆ ಕಾರಣವಿಲ್ಲದಿಲ್ಲ. ಜಿಪ್ಸಿಯ ವಂಶದ ಜಿಮ್ನಿ 2023ರ ಜೂನ್‌ನಲ್ಲಿ ಬಿಡುಗಡೆಯಾದಾಗ ಅದರ ಆರಂಭದ ಶೋರೂಂ ಬೆಲೆಯೇ ₹12.74 ಲಕ್ಷ ಇತ್ತು. ಅದರ ಅಜ್ಜ ಅದಕ್ಕಿಂತ ಎಷ್ಟೋ ಕಡಿಮೆ ದುಡ್ಡಿಗೆ, ಮೇಲಾಗಿ ಗಡಿಯಲ್ಲಿ ದುಡಿದು ಬಂದ ಗತ್ತಿನೊಂದಿಗೆ ಸಿಗುತ್ತದೆಂದರೆ ಯಾರ ಕೈ ತುರಿಸುವುದಿಲ್ಲ?

ಆದರೆ ಗಾಡಿ ನೋಡಲು ಹೋದವರು ಮಾಡುವುದನ್ನು ಗಮನಿಸಿ. ಬಾನೆಟ್ ಎತ್ತಿಸುತ್ತಾರೆ. ಸ್ಟಾರ್ಟ್ ಮಾಡಿಸಿ ಕಿವಿಗೊಡುತ್ತಾರೆ. ಸ್ಟೀರಿಂಗ್ ಹಿಡಿದು ಒಂದು ಫೋಟೊ ತೆಗೆಸಿಕೊಳ್ಳುತ್ತಾರೆ. ಹಿಂದಿನ ಬಾಗಿಲಿನಿಂದ ಹತ್ತಿ, ಬೆಂಚಿನ ಮೇಲೆ ಕೂತು ಹತ್ತು ಕಿಲೋಮೀಟರ್ ಹೋಗಿ ಬಂದವರು ತೀರಾ ಕಡಿಮೆ. ಸಂಸಾರ ಕೂರುವುದು ಅಲ್ಲಿ. ಈ ಗಾಡಿ ಮನೆಗೆ ಒಗ್ಗುತ್ತದೋ ಇಲ್ಲವೋ ಎಂಬುದು ಎಂಜಿನ್ನಿನಲ್ಲಿ ತೀರ್ಮಾನವಾಗುವುದಿಲ್ಲ. ಹಿಂದಿನ ಬೆಂಚಿನಲ್ಲಿ ಮತ್ತು ಕಾಗದಪತ್ರದ ಕವರಿನಲ್ಲಿ ಆಗುತ್ತದೆ.

ಮೊದಲು ಗಾಡಿಯ ಜಾತಕ. ಜಿಪ್ಸಿ ನಮ್ಮ ರಸ್ತೆಗಿಳಿದದ್ದು 1985ರ ಡಿಸೆಂಬರಿನಲ್ಲಿ. ಸುಜುಕಿಯ ಎಸ್‌ಜೆ 410ರ ಚಾಸಿ ಉದ್ದ ಮಾಡಿದ ರೂಪ ಅದು: 970 ಸಿಸಿ ಪೆಟ್ರೋಲ್ ಎಂಜಿನ್, ನಾಲ್ಕು ಗೇರು, ಹಿಂದೆಮುಂದೆ ಗಟ್ಟಿ ಆಕ್ಸಲ್, ನಾಲ್ಕೂ ಚಕ್ರಕ್ಕೆ ಲೀಫ್ ಸ್ಪ್ರಿಂಗು. 1991ರಿಂದ ಸೇನೆ ಅದನ್ನು ಕೊಳ್ಳತೊಡಗಿತು. ಎರಡು ವರ್ಷದ ನಂತರ ಚಕ್ರಗಳ ನಡುವಿನ ಅಗಲ ಹೆಚ್ಚಾಯಿತು. 1996ರಲ್ಲಿ ಜಿಪ್ಸಿ ಕಿಂಗ್ ಬಂತು. 1298 ಸಿಸಿ ಎಂಜಿನ್, ಐದು ಗೇರು. ಎಸ್ಟೀಮ್ ಕಾರಿನಲ್ಲಿ ಇದ್ದದ್ದೂ ಇದೇ ಕುಲದ ಎಂಜಿನ್. 2000ದ ಹೊತ್ತಿಗೆ ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ ಬಂತು, ಶಕ್ತಿ 80 ಅಶ್ವಶಕ್ತಿಗೆ ಏರಿತು. ಆಮೇಲಿನ ಎರಡು ದಶಕ ಜಿಪ್ಸಿ ಹೆಚ್ಚುಕಡಿಮೆ ಹಾಗೇ ಉಳಿಯಿತು. ಎಬಿಎಸ್, ಏರ್‌ಬ್ಯಾಗ್, ಅಪಘಾತ ಪರೀಕ್ಷೆಯ ನಿಯಮಗಳು 2019ರಲ್ಲಿ ಒಂದರ ಹಿಂದೊಂದು ಕಡ್ಡಾಯವಾದಾಗ ಸಾರ್ವಜನಿಕರಿಗೆ ಜಿಪ್ಸಿ ಮಾರುವುದನ್ನೇ ಕಂಪನಿ ನಿಲ್ಲಿಸಿತು. ಸೇನೆಗೆ ಮಾತ್ರ ಆಮೇಲೂ ಒಂದಷ್ಟು ಗಾಡಿ ತಯಾರಾದವು.

ಕಂಪನಿ ಸುಮ್ಮನೆ ನಿಲ್ಲಿಸಲಿಲ್ಲ ಎಂಬುದನ್ನು ಮರೆಯಬೇಡಿ. ಜಿಪ್ಸಿಯಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಈಗ ನೀವು ಏನೇ ಮಾಡಿಸಿದರೂ ಅವೆರಡೂ ಬರುವುದಿಲ್ಲ.

ಸೇನೆ ಇದನ್ನು ಮೆಚ್ಚಿದ್ದರಲ್ಲಿ ಅರ್ಥವಿತ್ತು. ಕ್ಯಾನ್ವಾಸ್ ಟಾಪಿನ ಜಿಪ್ಸಿಯ ತೂಕ 985 ಕಿಲೋ, ಅಂದರೆ ಒಂದು ಟನ್ನಿಗೂ ಕಡಿಮೆ. ಅಗಲ 1.54 ಮೀಟರ್. 1992ರಿಂದ ಅಮೆರಿಕದ ನಾಗರಿಕರ ಕೈಗೂ ಸಿಕ್ಕ, ಆರ್ನಾಲ್ಡ್ ಶ್ವಾರ್ಜ್‌ನೆಗರ್ ಕುಣಿದಾಡಿಸಿದ ಹಮ್ಮರ್‌ನ ಅಗಲ ಸುಮಾರು 2.2 ಮೀಟರ್; ಅದು ನಮ್ಮ ಘಟ್ಟದ ದಾರಿಗೆ ಬಂದರೆ ಎದುರಿನ ಬಸ್ಸು ಕೊಟ್ಟಿಗೆಹಾರದಲ್ಲೇ ಕಾಯಬೇಕು. ಜಿಪ್ಸಿ ಕಿರಿದು, ಹಗುರ, ನೆಲದಿಂದ 210 ಮಿಲಿಮೀಟರ್ ಮೇಲೆ. ಹೂತುಕೊಂಡರೆ ನಾಲ್ಕು ಜನ ಸೇರಿ ತಳ್ಳಿ ಮೇಲಕ್ಕೆ ತರಬಹುದು. ಸೇನೆಯ ಲೆಕ್ಕದಲ್ಲಿ ಇದು 500 ಕಿಲೋ ಹೊರುವ ವರ್ಗದ ಗಾಡಿ. ಜನ, ವೈರ್‌ಲೆಸ್ ಸೆಟ್ಟು, ಸಾಮಾನು ಎಲ್ಲ ಸೇರಿಯೇ ಅಷ್ಟು.

2017ರಲ್ಲಿ ಅದೇ ಸೇನೆ 3,192 ಟಾಟಾ ಸಫಾರಿ ಸ್ಟಾರ್ಮ್ ಗಾಡಿಗಳಿಗೆ ಆರ್ಡರ್ ಕೊಟ್ಟಿತು. ಕೇಳಿದ್ದು 800 ಕಿಲೋ ಹೊರುವ ಶಕ್ತಿ, ಗಟ್ಟಿ ಚಾವಣಿ ಮತ್ತು ಎಸಿ. ಕರ್ನಲ್ ಸಾಹೇಬರಿಗೇ ಬೇಕೆನಿಸಿದ ಎಸಿ ನಿಮ್ಮ ಅತ್ತೆಯವರಿಗೆ ಬೇಡವಾದೀತೇ ಎಂದು ಒಮ್ಮೆ ಕೇಳಿ ನೋಡುವುದು ಒಳ್ಳೆಯದು.

ಈಗ ಹಿಂದಿನ ಸೀಟಿಗೆ ಬರೋಣ. ಸೇನೆಯ ಜಿಪ್ಸಿಗೆ ಬದಿಯ ಬಾಗಿಲು ಎರಡೇ. ಹಿಂದೆ ಕೂರುವವರು ಒಂದೋ ಮುಂದಿನ ಸೀಟು ಮಡಚಿ ನುಸುಳಬೇಕು, ಇಲ್ಲವೇ ಹಿಂಬಾಗಿಲು ತೆರೆದು ಹತ್ತಬೇಕು. ಹಿಂಬಾಗಿಲ ಅಂಚು ಮಂಡಿಗಿಂತ ಮೇಲಿರುತ್ತದೆ. ಸೀರೆ ಉಟ್ಟ, ಮಂಡಿನೋವಿನ ಅಜ್ಜಿಯೊಬ್ಬರು ಅಲ್ಲಿ ಹತ್ತುವುದನ್ನು ಕಲ್ಪಿಸಿಕೊಳ್ಳಿ: ಒಂದು ಕೈ ಸ್ಟೆಪ್ನಿಯ ಮೇಲೆ, ಇನ್ನೊಂದು ಮೊಮ್ಮಗನ ಭುಜದ ಮೇಲೆ, ಮದುವೆಮನೆ ತಲುಪುವ ಹೊತ್ತಿಗೆ ಸೀರೆಯ ಅಂಚಿಗೆ ಟೈರಿನ ಕರಿ. ಒಳಗೆ ಸೀಟುಗಳು ಎದುರುಬದುರಾಗಿ, ರಸ್ತೆಗೆ ಅಡ್ಡಲಾಗಿ. ಬೆನ್ನಿಗೆ ತೆಳ್ಳನೆಯ ಒರಗು, ಹಿಡಿಯಲು ಒಂದು ಕಂಬಿ. ಬ್ರೇಕ್ ಹಾಕಿದಾಗಲೆಲ್ಲ ಆ ಸಾಲಿನ ಕೊನೆಯಲ್ಲಿ ಕೂತ ಮಗು ಇನ್ನೊಬ್ಬರ ಮೈಮೇಲೆ ಒರಗುತ್ತದೆ. ಚಾರ್ಮಾಡಿಯ ತಿರುವುಗಳಲ್ಲಿ ಅಡ್ಡ ಕೂತು ಹೋದರೆ ವಾಂತಿ ಬಾರದಿರುವುದೇ ಆಶ್ಚರ್ಯ.

ವಾಂತಿ ಚಿಕ್ಕ ಸಮಸ್ಯೆ. ಅಡ್ಡ ಬೆಂಚಿನಲ್ಲಿ ಸೀಟ್‌ಬೆಲ್ಟ್ ಇರುವುದಿಲ್ಲ, ಕಟ್ಟಿಸಿದರೂ ಅದು ಕೆಲಸ ಮಾಡುವುದಿಲ್ಲ. ಬೆಲ್ಟ್ ಎಂಬುದು ಮುಂದೆ ನೋಡಿ ಕೂತ ದೇಹವನ್ನು ಎದೆ ಮತ್ತು ಸೊಂಟದ ಮೂಳೆಗಳಲ್ಲಿ ಹಿಡಿದು ನಿಲ್ಲಿಸಲು ಮಾಡಿದ್ದು. ಅಡ್ಡಲಾಗಿ ಕೂತವರ ಸೊಂಟ ಕಟ್ಟಿದರೆ ಮೇಲ್ಭಾಗ ಪಕ್ಕಕ್ಕೆ ಬೀಸುತ್ತದೆ, ಪೆಟ್ಟು ಕುತ್ತಿಗೆಗೆ ಬೀಳುತ್ತದೆ. ಮಕ್ಕಳ ಸೀಟು ಅಲ್ಲಿ ಕೂರುವುದೇ ಇಲ್ಲ. ಕಾನೂನು ನೋಡಿದರೆ, ಮುಂದೆ ನೋಡುವ ಹಿಂಸೀಟಿನವರೂ ಬೆಲ್ಟ್ ಹಾಕಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 138 ಬಹಳ ಹಿಂದೆಯೇ ಹೇಳಿದೆ. 2019ರ ತಿದ್ದುಪಡಿಯಲ್ಲಿ ಬಂದ 194ಬಿ ಕಲಮು ಇನ್ನೂ ಖಡಕ್ಕು: 14 ವರ್ಷ ತುಂಬದ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದೆ ಗಾಡಿ ಓಡಿಸಿದರೆ ₹1,000 ದಂಡ. ದಂಡ ಕಟ್ಟಿ ಬರಬಹುದು ಬಿಡಿ. ಒಂದು ಟನ್ನಿಗೂ ಕಡಿಮೆ ತೂಕದ, ಮೇಲೆ ಬಟ್ಟೆ ಹೊದ್ದ ಗಾಡಿ ಪಲ್ಟಿಯಾದರೆ ಒಳಗಿದ್ದವರನ್ನು ಹಿಡಿದಿಡುವುದು ಏನೂ ಇರುವುದಿಲ್ಲ.

ಹಿಂದೆ ಮುಂದಕ್ಕೆ ನೋಡುವ ಸೀಟು ಹಾಕಿಸುತ್ತೇವೆ ಎನ್ನುವವರಿದ್ದಾರೆ. ಬಹಳ ಜನ ಹಾಕಿಸಿದ್ದಾರೆ. ಹೇಗೆ ಹಾಕಿಸಿದ್ದಾರೆ ಎಂದು ಕೆಳಗೆ ಬಗ್ಗಿ ನೋಡಿ. ಯಾವುದೋ ವ್ಯಾನಿನ ಹಳೆಯ ಸೀಟು ತಂದು, ತೆಳು ತಗಡಿನ ನೆಲಕ್ಕೆ ನಾಲ್ಕು ತೂತು ಹೊಡೆದು ಬೋಲ್ಟು ಬಿಗಿದಿರುತ್ತಾರೆ. ಡಿಕ್ಕಿಯಾದಾಗ ಆ ಬೋಲ್ಟು ತಗಡನ್ನು ಹರಿದುಕೊಂಡು ಸೀಟಿನ ಸಮೇತ ಮುಂದಕ್ಕೆ ಬರುತ್ತದೆ. ಸೀಟಿನ ಕಾಲು ಮತ್ತು ಬೆಲ್ಟಿನ ಕೊಂಡಿ ಎರಡೂ ದಪ್ಪ ಉಕ್ಕಿನ ಪಟ್ಟಿಯ ಮೇಲೆ, ಆ ಪಟ್ಟಿ ಬಾಡಿಯ ಗಟ್ಟಿ ಭಾಗದ ಮೇಲೆ ಕೂರಬೇಕು. ಸೀಟಿನ ಸಂಖ್ಯೆ ಬದಲಾದರೆ ಆರ್‌ಸಿಯಲ್ಲೂ ಬದಲಾಗಬೇಕು. ಇದು ಮಾಡಿದ ಗಾಡಿ ಸಿಕ್ಕರೆ ಹತ್ತಿಪ್ಪತ್ತು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಇಷ್ಟಾದ ಮೇಲೂ ಆಸೆ ಉಳಿದಿದ್ದರೆ, ಕಾಗದಪತ್ರ.

ಸೇನೆಯ ಗಾಡಿಗೆ ನಮ್ಮ ನಿಮ್ಮ ಆರ್‌ಟಿಒದ ನೋಂದಣಿ ಇರುವುದಿಲ್ಲ. ಮೇಲ್ಮುಖ ಬಾಣದ ಗುರುತಿನ ಅದರ ನಂಬರನ್ನು ಕೊಡುವುದು ರಕ್ಷಣಾ ಇಲಾಖೆ. ಮೋಟಾರು ವಾಹನ ಕಾಯಿದೆಯ 60ನೇ ಕಲಮಿನಡಿ ಅದಕ್ಕೆ ಪ್ರತ್ಯೇಕ ವ್ಯವಸ್ಥೆ ಇದೆ. ಗಾಡಿ ಸೇನೆಯ ಕೈಬಿಟ್ಟ ಕ್ಷಣ ಆ ರಿಯಾಯಿತಿ ಮುಗಿಯಿತು. ಆಮೇಲೆ ಅದು ಎಲ್ಲರಂತೆ ಆರ್‌ಟಿಒ ಕಚೇರಿಗೆ ಬಂದು ಹೊಸದಾಗಿ ನೋಂದಣಿ ಆಗಬೇಕು. ವಿಲೇವಾರಿಯಾಗುವುದು ಹೆಚ್ಚಾಗಿ ಸರ್ಕಾರಿ ಸಂಸ್ಥೆ ಎಂಎಸ್‌ಟಿಸಿಯ ಆನ್‌ಲೈನ್ ಹರಾಜಿನಲ್ಲಿ, ಲಾಟ್ ಲೆಕ್ಕದಲ್ಲಿ. ಷರತ್ತು ಒಂದೇ: ಇದ್ದಲ್ಲಿಂದ, ಇದ್ದ ಹಾಗೆ ಎತ್ತಿಕೊಂಡು ಹೋಗಬೇಕು. ಬ್ಯಾಟರಿ ಇದೆಯೋ, ಸ್ಟೆಪ್ನಿ ಇದೆಯೋ, ಎಂಜಿನ್ ತಿರುಗುತ್ತದೋ ಎಂಬುದು ಕೊಂಡವರ ಹಣೆಬರಹ. ಮುಂಗಡ ಠೇವಣಿ, ಜಿಎಸ್‌ಟಿ, ಸಾಗಾಟ ಎಲ್ಲ ಬೇರೆ. ಲಾಟಿನಲ್ಲಿ ಹತ್ತಾರು ಗಾಡಿ ಒಟ್ಟಿಗೆ ಇರುವುದರಿಂದ ಹಿಡಿಯುವವರು ದೊಡ್ಡ ಗುಜರಿ ವ್ಯಾಪಾರಿಗಳು. ನಿಮ್ಮ ಕೈಗೆ ಬರುವ ಹೊತ್ತಿಗೆ ಗಾಡಿ ಎರಡು ಮೂರು ಕೈ ದಾಟಿರುತ್ತದೆ.

ಇಲ್ಲೊಂದು ದೊಡ್ಡ ಕಂದಕವಿದೆ. ಹರಾಜಿನಲ್ಲಿ ಕೆಲವು ಗಾಡಿ ವಾಹನವಾಗಿ ಮಾರಾಟವಾಗುತ್ತವೆ, ಕೆಲವು ಬರೀ ಗುಜರಿಯಾಗಿ. 2023ರ ಏಪ್ರಿಲ್ 1ರಿಂದ, 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಗಿ ಅವು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕೆಂಬ ನಿಯಮ ಬಂದಿದೆ. ದೇಶದ ರಕ್ಷಣೆಗೆ ಬಳಸುವ ವಿಶೇಷ ವಾಹನಗಳಿಗೆ ಅದರಲ್ಲಿ ವಿನಾಯಿತಿ ಇದೆ. ಹಾಗಾಗಿ ಮಾರಾಟ ಪತ್ರದಲ್ಲಿ ಏನೆಂದು ಬರೆದಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಗುಜರಿ ಎಂದು ಬರೆದ ಗಾಡಿ ನೋಡಲು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ರಸ್ತೆಗೆ ಬರುವಂತಿಲ್ಲ. ಅಂಥದಕ್ಕೆ ಇನ್ನೊಂದು ಗಾಡಿಯ ಆರ್‌ಸಿ ಅಂಟಿಸಿ, ಚಾಸಿ ನಂಬರು ತೀಡಿ ಮಾರುವವರಿದ್ದಾರೆ. ಬುಕ್ಕು ಒಂದರದು, ಗಾಡಿ ಇನ್ನೊಂದರದು. ಅಪಘಾತವಾದ ದಿನ ವಿಮೆ ಕಂಪನಿ ಮೊದಲು ನೋಡುವುದೇ ಆ ನಂಬರನ್ನು.

ಆದ್ದರಿಂದ ವ್ಯಾಪಾರಿ ಚಹಾ ತರಿಸುವುದಕ್ಕೆ ಮುಂಚೆಯೇ ಹರಾಜಿನ ಮಾರಾಟ ಪತ್ರ, ಹಣ ಕಟ್ಟಿದ ರಸೀದಿ, ಡಿಪೋದಿಂದ ಹೊರಬಂದ ಗೇಟ್‌ಪಾಸ್, ಈ ಮೂರರ ಪ್ರತಿ ಕೇಳಿ. ಚಾಸಿ ಮತ್ತು ಎಂಜಿನ್ ಮೇಲೆ ಕೊರೆದ ಸಂಖ್ಯೆಗೂ ಪತ್ರದ ಸಂಖ್ಯೆಗೂ ಒಂದೊಂದೇ ಅಂಕಿ ತಾಳೆ ನೋಡಿ. ಆಗಲೇ ಯಾವುದೋ ರಾಜ್ಯದಲ್ಲಿ ನೋಂದಣಿಯಾಗಿದ್ದರೆ ಆರ್‌ಸಿ ಸರ್ಕಾರದ ವಾಹನ್ ಜಾಲದಲ್ಲಿ ಕಾಣಬೇಕು. ಹೊರರಾಜ್ಯದ್ದಾದರೆ ಎನ್‌ಒಸಿ ಬೇಕು, ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ ಕಟ್ಟಬೇಕು. 'ಪೇಪರ್ ಆಮೇಲೆ ಕಳಿಸ್ತೀನಿ ಸರ್' ಎಂದರೆ ಎದ್ದು ಬನ್ನಿ, ಚಹಾ ಅಲ್ಲೇ ಇರಲಿ.

ಇನ್ನೊಂದು ಮೋಸ ಈಗ ಹಳೆಯದಾಗಿದೆ, ಆದರೂ ಜನ ಬೀಳುತ್ತಲೇ ಇದ್ದಾರೆ. ಆನ್‌ಲೈನ್ ಜಾಹೀರಾತಿನಲ್ಲಿ ಅಗ್ಗದ ಬೆಲೆ. ಕರೆ ಮಾಡಿದರೆ ತಾನು ಸೈನಿಕ, ವರ್ಗವಾಗಿದೆ, ಅವಸರದಲ್ಲಿ ಮಾರುತ್ತಿದ್ದೇನೆ ಎಂಬ ಕಥೆ. ನಂಬಿಕೆಗೆ ಸಮವಸ್ತ್ರದ ಫೋಟೊ, ಗುರುತಿನ ಚೀಟಿ. ಸಾಗಾಟದ ಖರ್ಚೆಂದು ಮುಂಗಡ ಹಾಕಿಸಿಕೊಂಡ ಮೇಲೆ ಫೋನು ಸ್ವಿಚ್ ಆಫ್. ಪೊಲೀಸರು ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ಮನೆಗೊಬ್ಬ ಸೈನಿಕನಿರುವ ಕೊಡಗಿನಂಥ ಕಡೆ ಈ ಕಥೆಗೆ ಮನಸ್ಸು ಬೇಗ ಕರಗುವುದು ಸಹಜ. ಅಂಥ ಮನೆಗಳಲ್ಲಿ ಫೋನಿನ ಆಚೆಯವನನ್ನು ರೆಜಿಮೆಂಟು, ಯೂನಿಟ್ಟು ಎಂದು ನಾಲ್ಕು ಪ್ರಶ್ನೆ ಕೇಳಬಲ್ಲ ಹಿರಿಯರೂ ಇರುತ್ತಾರೆ. ಅವರ ಕೈಗೆ ಫೋನು ಕೊಡಿ.

ಬಣ್ಣದ ವಿಷಯ ಬಹಳ ಜನರ ಉತ್ಸಾಹಕ್ಕೆ ತಣ್ಣೀರು ಎರಚುತ್ತದೆ. ಮಿಲಿಟರಿ ಗಾಡಿಯ ಮೋಹದಲ್ಲಿ ಅರ್ಧ ಆ ಹಸಿರಿನದೇ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ರಕ್ಷಣಾ ಇಲಾಖೆಯದಲ್ಲದ ಯಾವ ವಾಹನಕ್ಕೂ ಆಲಿವ್ ಗ್ರೀನ್ ಬಣ್ಣ ಬಳಿಯುವಂತಿಲ್ಲ. ಡಿಪೋದಿಂದ ಬಂದ ಬಣ್ಣದಲ್ಲೇ ಸುತ್ತುತ್ತಿದ್ದರೆ ಯಾವ ಚೆಕ್‌ಪೋಸ್ಟಿನಲ್ಲಾದರೂ ಇಳಿಸಬಹುದು. ಬಿಳಿಯೋ ನೀಲಿಯೋ ಬಳಿಸಿ, ಆ ಬಣ್ಣವನ್ನೇ ಆರ್‌ಸಿಯಲ್ಲಿ ನಮೂದಿಸಬೇಕು. ಹಾಗೆಯೇ 'ಆರ್ಮಿ ಡಿಸ್ಪೋಸಲ್' ಎಂದು ಹಸಿರು ಬಳಿದು ನಿಲ್ಲಿಸಿದ ಗಾಡಿಗಳಲ್ಲಿ ಒಂದಷ್ಟು ಸೇನೆಯ ಮುಖವನ್ನೇ ಕಾಣದ ಖಾಸಗಿ ಜಿಪ್ಸಿಗಳು. ಅಸಲಿಗೆ ಅವೇ ಮೇಲು, ಆರ್‌ಸಿ ಮೊದಲಿನಿಂದಲೂ ನಾಗರಿಕ ಹೆಸರಿನಲ್ಲಿರುತ್ತದೆ. ಗತ್ತಿಗೆ ಕೊಡುವ ಹೆಚ್ಚಿನ ದುಡ್ಡು ಮಾತ್ರ ಕೊಡಬೇಡಿ.

ಹರಿಯಾಣದ ಮಂಡಿ ಡಬ್ವಾಲಿಯಂಥ ಊರುಗಳು ಬಿಡಿಭಾಗ ಜೋಡಿಸಿ ಜೀಪು ಕಟ್ಟಿಕೊಡುವುದರಲ್ಲಿ ಹೆಸರುವಾಸಿ. ಕೈಕೆಲಸ ಮೆಚ್ಚುವಂಥದ್ದೇ. ಆದರೆ ಕಾಯಿದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊರತಾದ ಮಾರ್ಪಾಡನ್ನು ಒಪ್ಪುವುದಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು. ಜಿಪ್ಸಿಗೆ ಡೀಸೆಲ್ ಎಂಜಿನ್ ಕೂರಿಸಿಕೊಂಡು ಮೈಲೇಜು ಹೆಚ್ಚಿಸಿಕೊಂಡವರ ಮಾತು ಕೇಳಿ ಆ ದಾರಿ ಹಿಡಿಯುವ ಮುನ್ನ ಎಫ್‌ಸಿ ದಿನವನ್ನು ನೆನೆಯಿರಿ.

ಕಾಗದ ಸರಿಯಿದ್ದರೆ ಗಾಡಿಯ ಕೆಳಗೆ ಬಗ್ಗಬಹುದು. ಜೊತೆಗೆ ಜಿಪ್ಸಿ ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್ ಇರಲಿ, ಕೈಯಲ್ಲಿ ಟಾರ್ಚು ಮತ್ತು ಒಂದು ಅಯಸ್ಕಾಂತ.

ಮುಂದಿನ ಚಕ್ರದ ಬಳಿ ಕುಕ್ಕುರುಗಾಲಿನಲ್ಲಿ ಕೂತು ಒಳಬದಿಗೆ ಬೆಳಕು ಬಿಡಿ. ಆಕ್ಸಲ್ ತುದಿಯಲ್ಲಿ ಉರುಟಾದ ಕಬ್ಬಿಣದ ಗುಂಡು, ಅದನ್ನು ಅಪ್ಪಿ ತಿರುಗುವ ಕವಚ ಕಾಣುತ್ತದೆ. ಅದೇ ನಕಲ್. ಗುಂಡಿನ ಮೇಲೆ ತೆಳ್ಳಗೆ ಗ್ರೀಸಿನ ಪಸೆ ಇದ್ದರೆ ಚಿಂತೆಯಿಲ್ಲ. ಕರೀ ಎಣ್ಣೆ ಸುರಿದು, ಟೈರಿನ ಒಳಗೋಡೆಯ ಮೇಲೆ ಗೆರೆಗೆರೆಯಾಗಿ ಇಳಿದು, ಅದಕ್ಕೆ ಕೆಮ್ಮಣ್ಣು ಮೆತ್ತಿಕೊಂಡಿದ್ದರೆ ಆಯಿಲ್ ಸೀಲ್ ಹೋಗಿದೆ. ಎಣ್ಣೆ ಹೊರಬರುವ ದಾರಿಯಲ್ಲೇ ಹೊಳೆ ದಾಟುವಾಗ ನೀರು ಒಳಗೆ ಹೋಗಿರುತ್ತದೆ. ಒಳಗಿನ ಜಾಯಿಂಟು, ಬೇರಿಂಗು ತುಕ್ಕು ಹಿಡಿದಿರುತ್ತವೆ. ಜ್ಯಾಕ್ ಕೊಟ್ಟು ಚಕ್ರ ಎತ್ತಿಸಿ, ಮೇಲೊಂದು ಕೆಳಗೊಂದು ಕೈಯಿಟ್ಟು ಅಲ್ಲಾಡಿಸಿ. ಟಕ್ ಟಕ್ ಎಂದರೆ ಕಿಂಗ್‌ಪಿನ್ ಬೇರಿಂಗು ಸವೆದಿದೆ. ಅಂಥ ಗಾಡಿ ಅರವತ್ತರ ವೇಗದಲ್ಲಿ ಒಂದು ಗುಂಡಿ ಹಾರಿದರೆ ಸ್ಟೀರಿಂಗ್ ಎರಡೂ ಕಡೆಗೆ ಗಡಗಡ ಹೊಡೆದುಕೊಳ್ಳತೊಡಗುತ್ತದೆ. ಒಮ್ಮೆ ಅನುಭವಿಸಿದವರು ಮರೆಯುವುದಿಲ್ಲ.

ತುಕ್ಕು ಅಡಗುವ ಜಾಗ ನಿರ್ದಿಷ್ಟ. ಡ್ರೈವರ್ ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿಸಿ. ಗಾಜಿನ ಚೌಕಟ್ಟಿನ ಬುಡ, ಹಿಂಬಾಗಿಲಿನ ಕೆಳಅಂಚು, ಬಾಡಿ ಚಾಸಿಯ ಮೇಲೆ ಕೂರುವ ರಬ್ಬರುಗಳ ಸುತ್ತ, ಚಾಸಿಯ ಕಟ್ಟಕಡೆಯ ಅಡ್ಡಪಟ್ಟಿ. ಅಯಸ್ಕಾಂತ ಹಿಡಿಯದ ಕಡೆ ತಗಡಿಲ್ಲ, ಪುಟ್ಟಿ ಇದೆ. ಕೆಳಭಾಗಕ್ಕೆಲ್ಲ ಹೊಸದಾಗಿ ಕರಿಬಣ್ಣ ಹೊಡೆದಿದ್ದರೆ ಅದನ್ನು ಅಲಂಕಾರವೆಂದು ನಂಬಬೇಡಿ. ಬಾಡಿಯ ತುಕ್ಕು ತೆಗೆಸಬಹುದು, ಚಾಸಿ ತಿಂದುಹೋಗಿದ್ದರೆ ಬಿಟ್ಟುಬಿಡಿ.

ಎಂಜಿನ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸೇನೆಯ ಇಎಂಇ ಕೋರ್‌ನವರು ಗಾಡಿಗಳನ್ನು ವೇಳಾಪಟ್ಟಿಯಂತೆ ನೋಡಿಕೊಳ್ಳುತ್ತಾರೆ, 1.3 ಲೀಟರಿನ ಎಂಜಿನ್ನಿಗೆ ರಿಪೇರಿ ಗೊತ್ತಿರುವವರು ಎಲ್ಲ ಊರಲ್ಲೂ ಇದ್ದಾರೆ. ಕಿಲೋಮೀಟರ್ ಕಡಿಮೆ ತೋರಿಸಿದರೆ ಮಾತ್ರ ಹಿಗ್ಗಬೇಡಿ. ವರ್ಷಗಟ್ಟಲೆ ಡಿಪೋದಲ್ಲಿ ನಿಂತೇ ಇದ್ದ ಗಾಡಿಯ ರಬ್ಬರು, ಬ್ರೇಕು, ಪೆಟ್ರೋಲ್ ಟ್ಯಾಂಕು ಓಡಿದ ಗಾಡಿಗಿಂತ ಹೆಚ್ಚು ಹಾಳಾಗಿರುತ್ತವೆ.

ನಾಲ್ಕು ಚಕ್ರದ ಗೇರನ್ನು ಕೆಸರಿನಲ್ಲೋ ಮರಳಿನಲ್ಲೋ ಹಾಕಿ ನೋಡಿ, ಟಾರು ರಸ್ತೆಯ ಮೇಲಲ್ಲ. ಇದರಲ್ಲಿ ಮುಂದಿನ ಹಿಂದಿನ ಆಕ್ಸಲ್ ನಡುವೆ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಶಿಯಲ್ ಇಲ್ಲ. ಒಣ ಟಾರಿನ ಮೇಲೆ ತಿರುಗಿಸಿದರೆ ಬಿಗಿದುಕೊಳ್ಳುತ್ತದೆ. ಚಕ್ರದ ಮಧ್ಯೆ ಕೈಯಲ್ಲಿ ತಿರುಗಿಸುವ ಹಬ್ ಇದ್ದರೆ, ಇಳಿದು ಎರಡೂ ಕಡೆ ಲಾಕ್ ಮಾಡದೆ ಲಿವರ್ ಹಾಕಿದರೂ ಮುಂದಿನ ಚಕ್ರ ಎಳೆಯುವುದಿಲ್ಲ. ಮಳೆಯಲ್ಲಿ ಹೂತುಕೊಂಡ ಮೇಲೆ ಇದು ನೆನಪಾಗುವುದು ವಾಡಿಕೆ. ಲೋ ರೇಂಜಿನಲ್ಲಿ ಇಳಿಜಾರು ಇಳಿಯುವಾಗ ಲಿವರ್ ತಾನೇ ಹಾರಿ ಬಿದ್ದರೆ ಟ್ರಾನ್ಸ್‌ಫರ್ ಕೇಸಿನ ಕೆಲಸ ಬಾಕಿಯಿದೆ, ಬೆಲೆ ಇಳಿಸಲು ಗಟ್ಟಿ ಕಾರಣ.

ಖರ್ಚಿನ ಲೆಕ್ಕವನ್ನು ಮನೆಯವರ ಮುಂದೆಯೇ ಹಾಕಿ. ಲೀಟರಿಗೆ ಹತ್ತು, ಹನ್ನೆರಡು ಕಿಲೋಮೀಟರ್ ಬಂದರೆ ಸಂತೋಷಪಡಬೇಕು. ಟ್ಯಾಂಕು 40 ಲೀಟರಿನದು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪು, ಸೀಲುಗಳನ್ನೆಲ್ಲ ಬದಲಿಸಿಯೇ ಓಡಿಸಬೇಕು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ ₹600ರ ಬದಲು ₹5,000 ಆಯಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ ₹10,000. ಐದು ವರ್ಷಕ್ಕೊಮ್ಮೆ ಎಫ್‌ಸಿ. ಎಸಿ, ಪವರ್ ಸ್ಟೀರಿಂಗ್ ಬೇಕೆಂದರೆ ಹೊರಗೆ ಹಾಕಿಸಬೇಕು. ನಾಲ್ಕು ಟೈರು, ಹೊಸ ಟಾಪು, ಸೀಟು, ಬೆಲ್ಟು, ಬಣ್ಣ ಎಲ್ಲ ಕೂಡಿಸಿದರೆ ಮೂಗಿಗಿಂತ ಮೂಗುತಿ ಭಾರ. ಅಷ್ಟು ದುಡ್ಡಿಗೆ ಓಡಿಸಿದ ಥಾರ್ ಒಂದು ಸಿಗಬಹುದು ಎಂಬ ಮಾತನ್ನು ಯಾರಾದರೂ ಎತ್ತೇ ಎತ್ತುತ್ತಾರೆ, ಅದು ಸುಳ್ಳೂ ಅಲ್ಲ.

ದೂರದ ಪ್ರಯಾಣದ ಮಾತು ಚಿಕ್ಕದು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಪಕ್ಕದ ಕಾರುಗಳು ನೂರರಲ್ಲಿ ಹೋಗುತ್ತಿದ್ದರೆ ಜಿಪ್ಸಿ ಎಪ್ಪತ್ತೈದು ಎಂಬತ್ತಕ್ಕೆ ಸುಸ್ತು. ಮೇಲ್ಸೇತುವೆಯ ಪ್ರತಿ ಸಂದಿಗೂ ಹಿಂದಿನವರು ಸೀಟಿನಿಂದ ಒಂದಿಂಚು ಮೇಲೇಳುತ್ತಾರೆ. 500 ಕಿಲೋ ಹೊರಲು ಮಾಡಿದ ಲೀಫ್ ಸ್ಪ್ರಿಂಗಿಗೆ ಎರಡು ಮಕ್ಕಳ ತೂಕ ಗಮನಕ್ಕೇ ಬರುವುದಿಲ್ಲ. ಟಾಪಿನ ಕ್ಯಾನ್ವಾಸ್ ಪಟಪಟ ಹೊಡೆದುಕೊಳ್ಳುವ ಸದ್ದಿನಲ್ಲಿ ಮದ್ದೂರು ದಾಟುವ ಹೊತ್ತಿಗೆ ಮನೆಮಂದಿಯ ಮಾತು ನಿಂತಿರುತ್ತದೆ.

ಹಾಗಾದರೆ ಯಾರೂ ಕೊಳ್ಳಬಾರದೇ? ಕೊಳ್ಳಬೇಕಾದವರಿದ್ದಾರೆ. ಡಾಂಬರು ಮುಗಿದ ಮೇಲೂ ಎರಡು ಮೂರು ಕಿಲೋಮೀಟರ್ ಮಣ್ಣಿನ ಏರು ಹತ್ತಿ ಮನೆ ಸೇರಬೇಕಾದ ತೋಟದವರಿಗೆ, ಜುಲೈ ತಿಂಗಳಲ್ಲಿ ಆಸ್ಪತ್ರೆಗೆ ಹೊರಡಲು ಇನ್ನಾವ ಕಾರೂ ಒಲ್ಲದವರಿಗೆ, ಜಿಪ್ಸಿ ಇವತ್ತಿಗೂ ಕೊಟ್ಟ ದುಡ್ಡಿಗೆ ಮೋಸ ಮಾಡದ ಗಾಡಿ. ಕೊಡಚಾದ್ರಿ, ಮಾಂದಲಪಟ್ಟಿಯ ದಾರಿಗಳಲ್ಲಿ ಬಾಡಿಗೆ ಜೀಪಿನವರು ದಿನಾ ಮಾಡುವುದನ್ನು ಅದು ಅವರಿಗಿಂತ ಹಗುರವಾಗಿ ಮಾಡುತ್ತದೆ. ಅಂಥ ಮನೆಗಳಲ್ಲೂ ಅಂಗಳದಲ್ಲಿ ಇನ್ನೊಂದು ಸಾದಾ ಕಾರು ಇರುತ್ತದೆ. ಮಹೇಂದ್ರ ಸಿಂಗ್ ಧೋನಿ 2019ರಲ್ಲಿ ಸೇನೆಯ ನಿಸಾನ್ ಜೊಂಗಾ ಕೊಂಡದ್ದು ದೇಶವೆಲ್ಲ ಸುದ್ದಿಯಾಯಿತು. ಜಬಲ್ಪುರದ ಸೇನಾ ಕಾರ್ಖಾನೆಯಲ್ಲಿ ಸುಮಾರು ಮೂರು ದಶಕ ತಯಾರಾದ, ನಾಲ್ಕು ಲೀಟರಿನ ಪೆಟ್ರೋಲ್ ಎಂಜಿನ್ನಿನ ದೈತ್ಯ ಅದು. ಆ ಚಿತ್ರ ನೋಡಿ ಜೊಂಗಾ ಹುಡುಕಲು ಹೊರಟವರು ಧೋನಿಯವರ ಗ್ಯಾರೇಜಿನಲ್ಲಿ ಬೇರೆ ಎಷ್ಟು ಗಾಡಿಗಳಿವೆ ಎಂಬುದನ್ನೂ ನೋಡಬೇಕಿತ್ತು.

ಮನೆಗೆ ಒಂದೇ ಗಾಡಿ, ಅದೂ ಜಿಪ್ಸಿಯೇ ಆಗಬೇಕೆಂದು ಹಟ ಹಿಡಿದವರಿಗೆ ಉಳಿದಿರುವುದು ಒಂದು ದಾರಿ: 2000ದ ನಂತರದ ಎಂಪಿಎಫ್‌ಐ, ಗಟ್ಟಿ ಚಾವಣಿಯ, ಖಾಸಗಿ ನೋಂದಣಿಯ, ಮುಂದೆ ನೋಡುವ ಹಿಂಸೀಟನ್ನು ಬೆಲ್ಟಿನ ಸಮೇತ ಸರಿಯಾಗಿ ಕೂರಿಸಿ ಆರ್‌ಸಿಗೆ ಏರಿಸಿಕೊಂಡ ಗಾಡಿ. ಅದು ಡಿಪೋದಿಂದ ಬಂದದ್ದಕ್ಕಿಂತ ದುಬಾರಿ, ಹುಡುಕಲು ತಿಂಗಳುಗಳೇ ಬೇಕು.

ಮುಂಗಡ ಆಗಲೇ ಕೊಟ್ಟುಬಿಟ್ಟಿದ್ದೇವೆ ಎನ್ನುವವರು ಉಳಿದ ಹಣವನ್ನು ಆರ್‌ಟಿಒದಲ್ಲಿ ಚಾಸಿ ನಂಬರು ಪರಿಶೀಲನೆ ಆಗುವವರೆಗೆ ತಡೆಹಿಡಿಯಿರಿ, ಮತ್ತು ಗಾಡಿ ತರಲು ಹೋಗುವ ದಿನ ಮನೆಯವರನ್ನೂ ಕರೆದುಕೊಂಡು ಹೋಗಿ, ವಾಪಸ್ ಬರುವಾಗ ಸ್ಟೀರಿಂಗ್ ಮೆಕ್ಯಾನಿಕ್‌ಗೆ ಕೊಟ್ಟು ನೀವು ಹಿಂದೆ ಕೂತುಕೊಳ್ಳಿ.

ಇಂತಿ,
ನಿಮ್ಮ ಹಿತೈಷಿ